ಸ್ವಲ್ಪ ಎತ್ತಿ, ಆಮೇಲೆ ಎಳೀರಿ

ಮಲೆನಾಡಿನ ಯಾವ ಮನೆಗಾದರೂ ಹೋಗಿ, ಸುಮ್ನೆ ಹಾಕಿದರೆ ಹಾಕಿಕೊಳ್ಳದ ಒಂದು ಬಾಗಿಲು ಅಲ್ಲಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಅದು ಬಚ್ಚಲುಮನೆಯದು. ನೆಂಟರು ಹೆಗಲಿಗೆ ಟವೆಲ್ ಹಾಕಿಕೊಂಡು ಆ ಕಡೆ ಹೊರಟರೆ ಸಾಕು, ಅಡುಗೆಮನೆಯಿಂದ ಕೂಗು ಬರುತ್ತದೆ. “ಚಿಲಕ ಹಾಗೇ ಬೀಳಲ್ಲ ಕಣ್ರೀ. ಬಾಗಿಲು ಸ್ವಲ್ಪ ಎತ್ತಿ, ಆಮೇಲೆ ನಿಮ್ಮ ಕಡೆ ಎಳೀರಿ.” ನೆಂಟರು ಎತ್ತುತ್ತಾರೆ, ಎಳೆಯುತ್ತಾರೆ. ಬೀಳುವುದಿಲ್ಲ. “ಹಂಗಲ್ಲ, ಮೊದಲು ಮೊಣಕಾಲಲ್ಲಿ ಒತ್ತಬೇಕು” ಎಂದು ಎರಡನೇ ಸೂಚನೆ ಬರುತ್ತದೆ. ಕೊನೆಗೆ ನೆಂಟರು ಬಾಗಿಲಿಗೆ ಬಕೆಟ್ ಒತ್ತರಿಸಿಟ್ಟು, ಜೋರಾಗಿ ಹಾಡು ಹೇಳುತ್ತಾ ಸ್ನಾನ ಮುಗಿಸುತ್ತಾರೆ.

ರಿಪೇರಿ ಮಾಡಿಸಬೇಕು ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರುವುದಿಲ್ಲ. ಅವರ ಮಟ್ಟಿಗೆ ಬಾಗಿಲು ಸರಿಯಾಗಿಯೇ ಇದೆ. ಹಾಕಲು ಬರಬೇಕು, ಅಷ್ಟೆ. ಹೊಸ ಸೊಸೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತಿಳಿಯುವ ಮೊದಲೇ ಇದನ್ನು ಕಲಿಯುತ್ತಾಳೆ.

ಮರದ ಬಾಗಿಲಿನ ಜೊತೆ ಬಾಳಿದವರಿಗೆ ಈ ತಾಳ್ಮೆ ತಾನಾಗಿ ಬರುತ್ತದೆ. ಜೂನ್ ಕಳೆಯಿತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಗಾಳಿಯೇ ಒದ್ದೆ. ಮರ ಆ ತೇವ ಕುಡಿದು ಅಡ್ಡಕ್ಕೆ ಊದುತ್ತದೆ, ಉದ್ದಕ್ಕೆ ಬೆಳೆಯುವುದಿಲ್ಲ ಅಂದರೂ ತಪ್ಪಿಲ್ಲ. ಹಾಗಾಗಿ ಆಷಾಢದಲ್ಲಿ ಬಾಗಿಲು ದಾರಂದದ ಪಕ್ಕಕ್ಕೆ ಕಚ್ಚಿಕೊಳ್ಳುತ್ತದೆ. ಆಗ ಆಚಾರಿಯನ್ನು ಕರೆದರೆ ಬರುತ್ತಾರೆ, ನೋಡುತ್ತಾರೆ, ಕಾಫಿ ಕುಡಿಯುತ್ತಾರೆ, ಉಜ್ಜುಗೊರಡು ಮಾತ್ರ ಚೀಲದಿಂದ ತೆಗೆಯುವುದಿಲ್ಲ. “ಈಗ ಕೀಸಿದ್ರೆ ಬೇಸಿಗೇಲಿ ಆ ಸಂದೀಲಿ ಬೆಕ್ಕು ಬರುತ್ತೆ” ಎಂದು ಹೇಳಿ ಹೋಗುತ್ತಾರೆ. ಅವರ ಮಾತು ಸರಿ. ಫೆಬ್ರವರಿಗೆ ಬಾಗಿಲು ತಾನೇ ಒಣಗಿ ಸಣ್ಣದಾಗುತ್ತದೆ. ಆಗ ಆಚಾರಿಯನ್ನು ಕರೆಯುವ ನೆನಪು ಯಾರಿಗೂ ಇರುವುದಿಲ್ಲ.

ಹಾಸನದ ಹಾಸನಾಂಬೆ ಗುಡಿಯ ಬಾಗಿಲು ದೀಪಾವಳಿಯ ಆಸುಪಾಸಿನಲ್ಲಿ ಕೆಲವು ದಿನ ಮಾತ್ರ ತೆರೆಯುತ್ತದೆ, ಅಲ್ವಾ? ಎಲ್ಲರೂ ಆರದ ದೀಪದ, ಬಾಡದ ಹೂವಿನ ಮಾತಾಡುತ್ತಾರೆ. ನನಗೆ ಮಾತ್ರ ಆ ಬಾಗಿಲಿನ ಕೀಲಿನದೇ ಯೋಚನೆ. ದಿನಕ್ಕೆ ಹತ್ತು ಸಲ ಆಡುವ ನಮ್ಮ ಬಾಗಿಲುಗಳೇ ಕಿರುಗುಟ್ಟುತ್ತವೆ. ವರ್ಷಕ್ಕೊಮ್ಮೆ ಆಡುವ ಬಾಗಿಲು ಜನರೆದುರು ತೆರೆದುಕೊಳ್ಳುತ್ತದಲ್ಲ, ಅದನ್ನೂ ಮಹಿಮೆಗಳ ಪಟ್ಟಿಗೆ ಸೇರಿಸಬೇಕು.

ಈಗ ನಮ್ಮ ಕಡೆ ಯುಪಿವಿಸಿ ಕಿಟಕಿ, ಜೋಡಿ ಗಾಜಿನ ಬಾಗಿಲುಗಳ ಕಾಲ. ಹೋಂಸ್ಟೇ ಅಂದಮೇಲೆ ಗುಡ್ಡ ಕಾಣಬೇಕು, ಚಳಿ ಒಳಗೆ ಬರಬಾರದು, ಪಕ್ಕದ ರೂಮಿನವರ ಹಾಡೂ ಬರಬಾರದು. ಮೂಡಿಗೆರೆ ಹತ್ತಿರದ ನಮ್ಮ ಚಿಕ್ಕಪ್ಪನ ತೋಟದ ಮನೆಗೂ ಮಗ ಇವನ್ನು ಹಾಕಿಸಿದ. “ಅಮ್ಮಾ, ಇದು ಮಳೆಗೆ ಊದಲ್ಲ, ಗೆದ್ದಲೂ ಹಿಡಿಯಲ್ಲ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಚಿಕ್ಕಪ್ಪ ಚೌಕಟ್ಟನ್ನು ಬೆರಳಲ್ಲಿ ತಟ್ಟಿ ನೋಡಿದರು. “ಬೀಟೆ ಬೆಳೆಯೋ ಜಾಗದಲ್ಲಿ ಪ್ಲಾಸ್ಟಿಕ್ ಕಿಟಕಿ” ಎಂದಷ್ಟೇ ಹೇಳಿ ತೋಟಕ್ಕೆ ಹೋದರು.

ಮಳೆಗೆ ಊದಲಿಲ್ಲ ನಿಜ. ಬಿಸಿಲಿಗೆ ಊದಿತು! ಯುಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿ ಬಿಸಿ ಏರಿದರೆ, ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಎರಡು ಮೀಟರ್ ಎತ್ತರದ ಬಾಗಿಲಿಗೆ ಪಡುವಣ ಬಿಸಿಲು ಬಿದ್ದು 20 ಡಿಗ್ರಿ ಏರಿದರೆ ಹತ್ತಿರ ಹತ್ತಿರ 3 ಮಿಲಿಮೀಟರ್. ಒಳಗೆ ಕೂರಿಸಿದ ಉಕ್ಕಿನ ಪಟ್ಟಿ ಅದನ್ನು ಸ್ವಲ್ಪ ಹಿಡಿದಿಡುತ್ತದೆ, ಪೂರ್ತಿ ಅಲ್ಲ. ಬಣ್ಣ ಗಾಢವಾದಷ್ಟೂ ಬಿಸಿ ಜಾಸ್ತಿ. ಆಷಾಢದಲ್ಲಿ ಬಾಗಿಲು ಕಚ್ಚುವುದಕ್ಕೆ ಒಗ್ಗಿದ್ದ ಚಿಕ್ಕಮ್ಮನಿಗೆ ಚೈತ್ರದ ಮಧ್ಯಾಹ್ನ ಕಚ್ಚುವ ಬಾಗಿಲು ಹೊಸ ಅನುಭವ. ಆದರೆ ಉಪಾಯ ಹಳೆಯದೇ ಇತ್ತಲ್ಲ. ಬರುವ ಅತಿಥಿಗಳಿಗೆಲ್ಲ ಹೇಳಲು ಶುರು ಮಾಡಿದರು: “ಹ್ಯಾಂಡಲ್ ಸ್ವಲ್ಪ ಎತ್ತಿ, ಆಮೇಲೆ ಎಳೀರಿ.”

ಇಲ್ಲೇ ತೊಂದರೆ ಆಗುವುದು. ಮರದ ಬಾಗಿಲಿನ ಕಬ್ಬಿಣದ ಚಿಲಕ ಎಂಥ ಹೊಡೆತವನ್ನಾದರೂ ತಿನ್ನುತ್ತದೆ. ಜೋಡಿ ಗಾಜಿನ ಬಾಗಿಲಿನ ಹ್ಯಾಂಡಲ್ ಹಾಗಲ್ಲ. ಅದರ ಹಿಂದೆ ಒಂದು ಚೌಕ ಕಡ್ಡಿ ಇದೆ. ಆ ಕಡ್ಡಿ ಒಂದು ಸಣ್ಣ ಪೆಟ್ಟಿಗೆಯೊಳಗಿನ ಹಲ್ಲುಗಳನ್ನು ತಿರುಗಿಸುತ್ತದೆ. ಅದಕ್ಕೆ ಗೇರ್ ಬಾಕ್ಸ್ ಎನ್ನುತ್ತಾರೆ. ಹಲ್ಲುಗಳು ಬಾಗಿಲಿನ ಅಂಚಿನುದ್ದಕ್ಕೂ ಇರುವ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತವೆ. ಪಟ್ಟಿಯ ಮೇಲಿನ ಗುಂಡಿಗಳು ಚೌಕಟ್ಟಿನ ಕೊಂಡಿಗಳಲ್ಲಿ ಹೋಗಿ ಕೂರುತ್ತವೆ. ಒಂದು ಹ್ಯಾಂಡಲ್ ಎತ್ತಿದರೆ ಮೇಲೆ, ನಡುವೆ, ಕೆಳಗೆ ಒಟ್ಟಿಗೇ ಬಿಗಿ. ಬಾಗಿಲು ಸ್ವಲ್ಪ ಜಗ್ಗಿ ಗುಂಡಿ ಕೊಂಡಿಗೆ ಎದುರಾಗಿ ನಿಂತಾಗ ನೀವು ಎತ್ತಿ ಎಳೆದರೆ, ಆ ಬಲವೆಲ್ಲ ಪೆಟ್ಟಿಗೆಯ ಹಲ್ಲಿನ ಮೇಲೆ ಬೀಳುತ್ತದೆ. ಒಂದು ದಿನ ಒಳಗೆ ಟಕ್ಕೆಂದು ಏನೋ ಮುರಿಯುತ್ತದೆ. ಆಮೇಲೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಸುಮ್ನೆ ಆಡುತ್ತದೆ, ಏನೂ ಹಿಡಿಯುವುದಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಹಾಗೆ ಮುರಿಯುವ ಮೊದಲೇ ಮಗ ಕಂಪನಿಯವರಿಗೆ ಫೋನ್ ಮಾಡಿದ. ಅವರು ನೋಡಲಿಕ್ಕೂ ಬರದೆ, “ಸಾರ್, ಪೂರ್ತಿ ಸೆಟ್ ಚೇಂಜ್ ಮಾಡಬೇಕಾಗುತ್ತೆ” ಎಂದರು. ಹೇಳಿದ ರೇಟು ಕೇಳಿ ಚಿಕ್ಕಪ್ಪ ಬೇಲೂರನ್ನು ನೆನೆದರು. “ವೀರಬಲ್ಲಾಳನ ಕಾಲದಲ್ಲಿ ಚೆನ್ನಕೇಶವನ ಗುಡಿಗೆ ಕಲ್ಲಿನ ಜಾಲಂದ್ರ ಕೂರಿಸಿದ್ದಾರೆ. ಹ್ಯಾಂಡಲ್ಲೂ ಇಲ್ಲ, ಲಾಕೂ ಇಲ್ಲ. ಎಂಟುನೂರು ವರ್ಷದಿಂದ ಯಾರಾದ್ರೂ ಸೆಟ್ ಚೇಂಜ್ ಮಾಡಿದ್ದಾರೇನೋ ಕೇಳು ಅವರನ್ನ.”

ಈ ‘ಪೂರ್ತಿ ಸೆಟ್’ ಎಂಬ ಮಾತು ಕೇಳಿದರೆ ನನಗೂ ಸಿಟ್ಟು ಬರುತ್ತದೆ. ಕೈ ಉಳುಕಿದೆ ಅಂದರೆ ಯಾರೂ ಭುಜದಿಂದ ಕೆಳಗೆ ಎಲ್ಲ ಬದಲಾಯಿಸಿ ಎನ್ನುವುದಿಲ್ಲ. ಆಮೇಲೆ ಚಿಕ್ಕಮಗಳೂರು ಪೇಟೆಯಿಂದ, ಕಿಟಕಿ ಕೂರಿಸುವ ಕೆಲಸ ಮಾಡಿ ಕೈ ಪಳಗಿದ ಒಬ್ಬ ಹುಡುಗ ಬಂದ. ಅವನ ಚೀಲದಲ್ಲಿ ಜಾಸ್ತಿ ಏನೂ ಇರಲಿಲ್ಲ. ಸ್ಕ್ರೂಡ್ರೈವರ್, ಆರು ಮೂಲೆಯ ಅಲನ್ ಕೀಗಳ ಗೊಂಚಲು, ಒಂದಿಷ್ಟು ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆ. ಬಂದವನೇ ಹ್ಯಾಂಡಲ್ ಮುಟ್ಟಲಿಲ್ಲ. ಬಾಗಿಲನ್ನು ಪೂರ್ತಿ ತೆರೆದ. ಗಾಳಿಯಲ್ಲೇ ಹ್ಯಾಂಡಲ್ ಎತ್ತಿದ, ಇಳಿಸಿದ. ಬೆಣ್ಣೆ!

“ಲಾಕ್ ಚೆನ್ನಾಗೇ ಇದೆ ಅಮ್ಮ” ಎಂದ. “ತೆರೆದಾಗ ಆಡುತ್ತೆ, ಹಾಕಿದಾಗ ಆಡಲ್ಲ ಅಂದ್ರೆ ಬಾಗಿಲು ಜಗ್ಗಿದೆ. ತೆರೆದಾಗಲೂ ಆಡದಿದ್ರೆ ಲಾಕೇ ಹೋಗಿದೆ ಅಂತ.”

ಇಷ್ಟು ಸುಲಭದ ಪರೀಕ್ಷೆ. ಮನೆಯಲ್ಲಿ ಜಗ್ಗುವುದು ಕೀಲು, ಬೈಸಿಕೊಳ್ಳುವುದು ಹ್ಯಾಂಡಲ್. ಎಲ್ಲಿ ಮುರಿಯಿತೋ ಅಲ್ಲೇ ಕೆಟ್ಟಿದೆ ಅಂದುಕೊಳ್ಳುತ್ತೇವೆ.

ಯಾಕೆ ಜಗ್ಗುತ್ತದೆ ಎಂದೂ ಅವನೇ ಹೇಳಿದ. ಗಾಜು ನೋಡಲು ಹಗುರ, ಹೊತ್ತರೆ ಗೊತ್ತಾಗುತ್ತದೆ. 5 ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ. ಜೋಡಿ ಗಾಜಾದರೆ 25. ಬಾಲ್ಕನಿ ಬಾಗಿಲಿನ ಕೀಲುಗಳಿಗೆ ಹಗಲೂ ರಾತ್ರಿ ಮುಕ್ಕಾಲು ಚೀಲ ಕಾಫಿ ನೇತುಹಾಕಿದ ಹಾಗೆ. ಆ ಭಾರ ಕೆಳಗಿನ ಕೀಲಿಗೆ ಸರಿಯಾಗಿ ಇಳಿಯಬೇಕೆಂದರೆ ಗಾಜಿನ ಅಂಚಿಗೂ ಚೌಕಟ್ಟಿಗೂ ನಡುವೆ ಆ ಬಣ್ಣದ ಬಿಲ್ಲೆಗಳನ್ನು ಮೂಲೆಯಿಂದ ಮೂಲೆಗೆ ಕೊಡಬೇಕು. ಕೀಲಿನ ಕಡೆಯ ಕೆಳಮೂಲೆಯಲ್ಲಿ ಒಂದು, ಹ್ಯಾಂಡಲ್ ಕಡೆಯ ಮೇಲ್ಮೂಲೆಯಲ್ಲಿ ಇನ್ನೊಂದು. ಆಗ ಗಾಜೇ ಬಾಗಿಲನ್ನು ಎತ್ತಿ ಹಿಡಿಯುತ್ತದೆ. ಕೂರಿಸುವಾಗ ಅವಸರದಲ್ಲಿ ಬಿಲ್ಲೆ ಬಿಟ್ಟರೆ ಹ್ಯಾಂಡಲ್ ಕಡೆಯ ತುದಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಅವನು ಬೀಡಿಂಗ್, ಅಂದರೆ ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಅಂಚಿನ ಪಟ್ಟಿ, ಬಿಚ್ಚಿ ತೋರಿಸಿದ. ಮೇಲ್ಮೂಲೆ ಖಾಲಿ.

ಚಿಕ್ಕಪ್ಪನಿಗೆ ಆಗ ಹುಡುಗನ ಮೇಲೆ ಗೌರವ ಬಂತು. ತೋಟದ ಹಳೇ ಗೇಟನ್ನು ತೋರಿಸಿ, “ನಮ್ಮ ಆಚಾರ್ರು ಅದಕ್ಕೆ ಅಡ್ಡಪಟ್ಟಿ ಹೊಡೆದಿದ್ದೂ ಹೀಗೇ, ಕೀಲಿನ ಬುಡದಿಂದ ಆ ಕಡೆ ತಲೆಗೆ” ಎಂದರು. ಹೌದು, ಲೆಕ್ಕ ಅದೇ. ಅಡ್ಡಪಟ್ಟಿಯನ್ನು ತಿರುವುಮುರುವು ಹೊಡೆದ ಗೇಟು ನೆಲ ಕೆರೆಯುವುದನ್ನು ನೀವೂ ನೋಡಿರಬಹುದು.

ಬಿಲ್ಲೆ ಕೊಟ್ಟು, ಕೀಲಿನ ಮುಚ್ಚಳ ತೆಗೆದು, ಅಲನ್ ಕೀಯನ್ನು ಅರ್ಧ ಸುತ್ತು ತಿರುಗಿಸಿ, ಹಾಕಿ ನೋಡಿ, ಮತ್ತೆ ಕಾಲು ಸುತ್ತು. ಒಂದು ಕೊಂಡಿ ಇನ್ನೂ ಎಲ್ಲೋ ತಾಗುತ್ತಿತ್ತು. ಎಲ್ಲಿ ಅಂತ ಕಾಣುವುದಿಲ್ಲ. ಚಿಕ್ಕಮ್ಮ ದೇವರ ಮನೆಯಿಂದ ಕುಂಕುಮದ ಬಟ್ಟಲು ತಂದು, ಎಣ್ಣೆಯಲ್ಲಿ ಕಲಸಿ ಗುಂಡಿಗೆ ಹಚ್ಚಿದರು. ಬಾಗಿಲು ಹಾಕಿ ತೆಗೆದರೆ ಕೊಂಡಿಯ ಮೇಲ್ತುದಿಯಲ್ಲಿ ಕೆಂಪು ಗುರುತು. ಹುಡುಗ ಕೊಂಡಿಯ ಸ್ಕ್ರೂ ಸಡಿಲಿಸಿ ಚೂರು ಮೇಲೆ ಸರಿಸಿದ. “ಸೀಮೆಸುಣ್ಣ ಮರೆತು ಬಂದಿದ್ದೆ ಅಮ್ಮ, ಇದೇ ಚೆನ್ನಾಗಿದೆ” ಎಂದ.

ಎಣ್ಣೆಯ ವಿಷಯಕ್ಕೆ ಮಾತ್ರ ಸಣ್ಣ ಜಗಳ ಆಯಿತು. ನಮ್ಮಲ್ಲಿ ಕಿರುಗುಟ್ಟುವುದಕ್ಕೆಲ್ಲ ಕೊಬ್ಬರಿ ಎಣ್ಣೆ. ಬಾಗಿಲಿಗೂ ಅದೇ, ತಲೆಗೂ ಅದೇ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಬಾಟಲಿ ಬಿಸಿಲಿಗಿಡದೆ ಎಣ್ಣೆ ಇಳಿಯುತ್ತದೆಯೇ? ಬೀಗದ ಒಳಗೂ ಅದೇ ಕತೆ. ಗಟ್ಟಿಯಾಗಿ, ಧೂಳು ಹಿಡಿದು, ಕೀ ಒಳಗೇ ಹೋಗುವುದಿಲ್ಲ. ಕೀ ಹೋಗುವ ತೂತಿಗೆ ಗ್ರಾಫೈಟ್ ಪುಡಿ ಸಾಕು. ಅದಿಲ್ಲದಿದ್ದರೆ ಪೆನ್ಸಿಲ್ ಮೊನೆಯನ್ನು ಕೀಗೆ ಚೆನ್ನಾಗಿ ಉಜ್ಜಿ ತಿರುಗಿಸಬಹುದು. ಅಂಚಿನ ಪಟ್ಟಿಗೆ, ಗುಂಡಿಗಳಿಗೆ ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಒಂದೆರಡು ಹನಿ. ಚಿಕ್ಕಮ್ಮ ಒಪ್ಪಿದರು, ಅರೆಮನಸ್ಸಿನಿಂದ.

ಕಿಟಕಿಗಳ ಕೆಲಸ ಬೇಗ ಮುಗಿಯಿತು. ಅವಕ್ಕೆ ಬಾಗಿಲಿನಂಥ ಕೀಲು ಇಲ್ಲ, ಮೇಲೂ ಕೆಳಗೂ ಕತ್ತರಿಯಂತೆ ಮಡಚುವ ಸ್ಟೀಲ್ ಪಟ್ಟಿ ಇದೆ. ಫ್ರಿಕ್ಷನ್ ಸ್ಟೇ ಅಂತ ಅದರ ಹೆಸರು. ಸಡಿಲವಾದ ಸ್ಕ್ರೂ ಬಿಗಿ ಮಾಡಿದರೆ ಬಹುಪಾಲು ಸರಿಯಾಗುತ್ತದೆ. ಅಗ್ಗದ ಪಟ್ಟಿಯಾದರೆ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ಗಾಜಿಗೆ ದುಡ್ಡು ಸುರಿದು ಇಲ್ಲಿ ಉಳಿಸಲು ಹೋಗುವವರ ಬುದ್ಧಿ ನನಗೆ ಅರ್ಥವಾಗುವುದಿಲ್ಲ. ಕಿಟಕಿ ಹ್ಯಾಂಡಲ್ಲಿನ ಸ್ಕ್ರೂ ಮಾತ್ರ ಹುಡುಕಿದರೂ ಕಾಣುವುದಿಲ್ಲ. ಹ್ಯಾಂಡಲ್ ಬುಡದ ಮುಚ್ಚಳವನ್ನು ಸ್ವಲ್ಪ ಎತ್ತಿ ಅಡ್ಡಕ್ಕೆ ತಿರುಗಿಸಿದರೆ ಮೇಲೊಂದು ಕೆಳಗೊಂದು ಸ್ಕ್ರೂ ಬಯಲಾಗುತ್ತವೆ. ಮನೆಯ ಮಕ್ಕಳಿಗೆ ಇದನ್ನು ತೋರಿಸಬಾರದಿತ್ತು. ಆ ವಾರವಿಡೀ ಎಲ್ಲ ಹ್ಯಾಂಡಲ್ಲಿನ ಮುಚ್ಚಳವೂ ಅಡ್ಡಕ್ಕೇ ಇದ್ದವು.

ಕೆಳಚೌಕಟ್ಟಿನಲ್ಲಿ ನೀರು ಹೊರಹೋಗಲು ಸಣ್ಣ ಸೀಳುಗಳಿರುತ್ತವೆ. ಕುಂಬಾರ ಹುಳುವಿಗೆ ಮಣ್ಣಿನ ಗೂಡು ಕಟ್ಟಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಸೀಳು ಮುಚ್ಚಿದರೆ ಮಳೆನೀರು ಒಳಗೆ ಹರಿಯುತ್ತದೆ, ಜನ ಕಿಟಕಿ ಸೋರುತ್ತದೆ ಎನ್ನುತ್ತಾರೆ. ಹೂಮಳೆ ಬಂದುಹೋದ ಮೇಲೆ, ಮುಂಗಾರಿಗೆ ಮುಂಚೆ, ಒಂದು ಕಡ್ಡಿ ಹಿಡಿದು ಎಲ್ಲ ಸೀಳುಗಳನ್ನೂ ಬಿಡಿಸುವುದು ಈಗ ತೋಟದ ಕೆಲಸಗಳ ಪಟ್ಟಿಯಲ್ಲಿ ಸೇರಿದೆ.

ಹುಡುಗನ ಕೈಲೂ ಆಗದ್ದು ಒಂದೇ. ಮೇಲಿನ ಕೋಣೆಯ ಒಂದು ಕಿಟಕಿಯಲ್ಲಿ ಗಾಜುಗಳ ನಡುವೆ ಮಂಜು ಕಟ್ಟಿತ್ತು. ಎರಡು ಗಾಜಿನ ಮಧ್ಯೆ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಅದರೊಳಗೆ ತೇವ ಹೀರುವ ಕಾಳು ತುಂಬಿರುತ್ತಾರೆ. ಸುತ್ತಲಿನ ಅಂಟು ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಕಾಳು ಹೀರುವಷ್ಟು ಹೀರಿ ಕೈಚೆಲ್ಲುತ್ತದೆ. ಒಳಗಿಂದ ಒರೆಸಿದರೂ ಇಲ್ಲ, ಹೊರಗಿಂದ ಒರೆಸಿದರೂ ಇಲ್ಲ. ಚೌಕಟ್ಟು ಹಾಗೇ ಇರಲಿ, ಜೋಡಿ ಗಾಜು ಮಾತ್ರ ಹೊಸದು ಬೇಕು ಎಂದು ಹುಡುಗ ಅಳತೆ ಬರೆದುಕೊಂಡ. ಉದ್ದ, ಅಗಲ, ಆಮೇಲೆ ದಪ್ಪ: 5 ಗಾಜು, 12 ಸಂದು, 5 ಗಾಜು, ಒಟ್ಟು 22. ದಪ್ಪ ತಪ್ಪಿದರೆ ಬೀಡಿಂಗ್ ಕೂರುವುದಿಲ್ಲ.

“ಅವಸರ ಇಲ್ಲ” ಎಂದರು ಚಿಕ್ಕಪ್ಪ. “ಬೆಂಗಳೂರಿಂದ ಜನ ಮಂಜು ನೋಡೋಕೆ ಅಂತಲೇ ಬರ್ತಾರೆ. ಆ ರೂಮಲ್ಲಿ ಏಪ್ರಿಲ್ಲಲ್ಲೂ ಗ್ಯಾರಂಟಿ.”

ಕೆಳಗಿನ ಕೋಣೆಯ ಒಂದು ಮುರುಕು ಹ್ಯಾಂಡಲ್ ಬದಲಾಗಿತ್ತು. ಹಳೆಯದನ್ನು ಹುಡುಗ ಬಿಸಾಡಲು ಹೋದಾಗ ಚಿಕ್ಕಮ್ಮ ಕೈಯಿಂದ ಕಸಿದುಕೊಂಡರು.

“ಅದೇನಕ್ಕೆ ನಿಂಗೆ?” ಎಂದರು ಚಿಕ್ಕಪ್ಪ.

“ಅಳತೆಗೆ. ನಾಳೆ ಇನ್ನೊಂದು ಮುರಿದ್ರೆ ಅಂಗಡಿಯವನು ಸ್ಕ್ರೂ ತೂತಿಗೆ ತೂತು ಎಷ್ಟು ದೂರ ಅಂತ ಕೇಳ್ತಾನೆ. ಆಗ ಏನಂತ ಹೇಳ್ತೀರಿ?”

ಹುಡುಗ ತಲೆಯಾಡಿಸಿದ. “ಅಮ್ಮ ಹೇಳೋದು ಸರಿ ಸಾರ್. ಫೋಟೋ ಕಳಿಸಿದ್ರೆ ಸಾಲಲ್ಲ. 43 ಮಿಲಿಮೀಟರೇ ಜಾಸ್ತಿ ಬರೋದು, ಆದ್ರೂ ಹಳೇ ಪೀಸ್ ಕೈಲಿದ್ರೆ ಎರಡನೇ ಸಲ ಪೇಟೆಗೆ ಓಡೋದು ತಪ್ಪುತ್ತೆ.”

“ಈ ಮನೇಲಿ ಹಳೇ ಪೀಸಿಗೆ ಏನು ಕಮ್ಮಿ” ಎಂದು ಗೊಣಗುತ್ತಾ ಚಿಕ್ಕಪ್ಪ ಖಾಲಿ ಬಿಸ್ಕತ್ ಡಬ್ಬಿ ಹುಡುಕಲು ಹೋದರು.