ಡಾಲ್ಬಿ ಊರಲ್ಲಿ ಬೀಥೋವನ್

ಗಣೇಶ ಹಬ್ಬದ ನಡುವಿನ ರವಿವಾರ. ಬೆಳಗಾವಿಯ ಟಿಳಕವಾಡಿಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಐದು ಜನ ಗಂಡಸರು ಕಿಟಕಿ ಜಡಿದು, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಕೂತಿದ್ದೆವು. ಬೆವರು ಒರೆಸುವಂತಿರಲಿಲ್ಲ, ಕರವಸ್ತ್ರದ ಸಪ್ಪಳ ಕೇಳಿಸುತ್ತದಂತೆ. ಹೊರಗಿನವರು ಯಾರಾದರೂ ಇಣುಕಿದ್ದರೆ ಇಸ್ಪೀಟು ನಡೆದಿದೆ ಅಂತ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ನಾವು ಬೀಥೋವನ್ನನ ಐದನೇ ಸಿಂಫನಿ ಕೇಳುತ್ತಿದ್ದೆವು.

ಒಂದೇ ಸಿಂಫನಿ, ಎರಡು ಸಲ. ಆರ್ಕೆಸ್ಟ್ರಾ ನಿರ್ದೇಶಕ ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್ಹಾರ್ಮೋನಿಕ್‌ನವರಿಂದ 1974ರಲ್ಲಿ ನುಡಿಸಿದ್ದು. ಮೊದಲ ಸಲ ಕಂಪ್ಯೂಟರಿನಿಂದ, ಡಿಜಿಟಲ್ ರೀಮಾಸ್ಟರು, ಅಂದರೆ ಹಳೆಯ ರೆಕಾರ್ಡಿಂಗನ್ನು ಹೊಸದಾಗಿ ತಿದ್ದಿ ತೀಡಿದ್ದು. ಎರಡನೇ ಸಲ ಕರೀ ಗ್ರಾಮಫೋನ್ ಪ್ಲೇಟಿನಿಂದ. ಯಾವುದು ಛಲೋ ಅಂತ ಇವತ್ತು ಫೈಸಲಾ ಆಗಬೇಕಿತ್ತು. ಕಳೆದ ಮೂರು ವರ್ಷದಿಂದ ಪ್ರತಿ ರವಿವಾರ ಇದು ಫೈಸಲಾ ಆಗಬೇಕಾಗಿದೆ.

ಪ್ಲೇಟಿನ ಪಾರ್ಟಿಗೆ ಮನೆಯ ಯಜಮಾನರೇ ಮುಖಂಡರು. ಓಣಿಯವರ ಬಾಯಲ್ಲಿ ಅವರು ಪ್ಲೇಟ್ ಕಾಕಾ. ಡಿಜಿಟಲ್ ಪಾರ್ಟಿಗೆ ನಿವೃತ್ತ ಇಂಜಿನಿಯರ್ ಸಾಹೇಬರು. ಬ್ಯಾಂಕಿನಿಂದ ರಿಟೈರ್ ಆದ ಇನ್ನಿಬ್ಬರು ಚಹಾ ಯಾವ ಕಡೆಯಿಂದ ಬರುತ್ತದೋ ಆ ಕಡೆಯವರು. ನಾನು ನೋಡಲು ಬಂದವನು. ನನ್ನ ಹತ್ತಿರ ಇನ್ನೂರು ರೂಪಾಯಿಯ ಇಯರ್‌ಫೋನು ಇದೆ, ಅದರಲ್ಲೂ ಒಂದು ಕಿವಿಯದು ಕೆಟ್ಟಿದೆ. ಆದ್ದರಿಂದ ನನಗೆ ಮತದಾನದ ಹಕ್ಕಿಲ್ಲ.

ಕಾಕಾ ಪ್ಲೇಟಿನ ಮೇಲೆ ಮುಳ್ಳು ಇಳಿಸುವ ಹೊತ್ತಿಗೆ ಕಾಕು ಬಾಗಿಲಲ್ಲಿ ನಿಂತರು. "ಕುಕ್ಕರ್‌ನ್ಯಾಗ ಬ್ಯಾಳಿ ಇಟ್ಟೀನ್ರಿ. ನಾ ಮಂಡಳದ ಆರತಿಗೆ ಹೋಗಿ ಬರತೀನಿ. ನಾಕು ಸೀಟಿ ಆದ ಕೂಡ್ಲೆ ಗ್ಯಾಸ್ ಆರಸ್ರಿ. ಐದು ಮಂದಿ ಕುಂತೀರಿ, ಅಷ್ಟು ಕೇಳಿಸ್ತೈತಲ್ಲ?"

ಕಾಕಾರಿಗೆ ಅಪಮಾನವಾಯಿತು. "ವಿಯೆನ್ನಾದಾಗ ಪಿಟೀಲಿನವ ಪುಟಾ ತಿರುವಿದ್ದು ಕೇಳೋ ಮಂದಿ ನಾವು. ಕುಕ್ಕರ್ ಕೇಳಂಗಿಲ್ಲೇನು? ನೀ ನಡಿ."

ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರ ಬಡಿದವು. ನಾಲ್ಕೈದು ನಿಮಿಷ ಕಳೆದಿರಬೇಕು, ಬ್ಯಾಂಕಿನವರೊಬ್ಬರು ಕಣ್ಣು ಮುಚ್ಚಿಕೊಂಡೇ ತಲೆದೂಗಿದರು. "ಆಹಾ, ಆ ಪಿಕೊಲೊ, ಆ ಸಣ್ಣ ಕೊಳಲು ಕೇಳ್ರಿ! ಡಿಜಿಟಲ್‌ನ್ಯಾಗ ಇದು ಸತ್ತಾ ಹೋಗಿತ್ತು."

ಸಾಹೇಬರು ಒಂದು ಕಣ್ಣು ತೆರೆದರು. "ಐದನೇ ಸಿಂಫನಿಯೊಳಗ ಪಿಕೊಲೊ ಬರೋದು ನಾಕನೇ ಭಾಗಕ್ಕ. ಇದು ಮೊದಲನೇದು. ಅದು ಕುಕ್ಕರ್."

ಒಂದು ಕ್ಷಣ ಮೌನ. ಆಮೇಲೆ ಕಾಕಾ, ಸೋಲನ್ನು ಜೇಬಿಗಿಳಿಸಿಕೊಂಡು ನಗುವ ಮುಖಂಡನಂತೆ ನಕ್ಕರು. "ಇರಲಿ. ಕುಕ್ಕರ್ ಸೈತ ಎಷ್ಟು ಸುರದಾಗ ಕೇಳಿಸ್ತು ನೋಡ್ರಿ. ಪ್ಲೇಟ್ ಹಚ್ಚಿದ್ರ ಮನೀನ ಸುರಾ ಹಿಡಿತೈತಿ."

ಇದಕ್ಕೆ ಎದುರು ವಾದ ಇಲ್ಲ. ಕಾಕಾರ ಯಾವ ಮಾತಿಗೂ ಇಲ್ಲ. ಗಣಪತ ಗಲ್ಲಿಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಕಡಿಮೆ ಮಾಡಿಸಲು ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲುವ ಇದೇ ಕಾಕಾ ಸ್ಪೀಕರಿಗೆ ಜೋಡಿಸುವ ಮೂರು ಮಾರು ತಂತಿಗೆ ನಲವತ್ತು ಸಾವಿರ ಕೊಟ್ಟಿದ್ದಾರೆ. ಆ ತಂತಿ ನೆಲಕ್ಕೆ ತಾಗಬಾರದಂತೆ, ಅದಕ್ಕೆ ಕಟ್ಟಿಗೆಯ ಪುಟ್ಟ ಮಣೆಗಳಿವೆ. ಮೊಮ್ಮಗನಿಗೆ ಊಟಕ್ಕೆ ಕೂರಲು ಮಣೆ ಇಲ್ಲ, ಚಾಪೆ. ಕರೆಂಟಿನ ಬಗ್ಗೆಯೂ ಅವರದೊಂದು ಶಾಸ್ತ್ರವಿದೆ: ಆಲಮಟ್ಟಿಯ ಕರೆಂಟು ಮೆತ್ತಗೆ, ರಾಯಚೂರಿನ ಕಲ್ಲಿದ್ದಲ ಕರೆಂಟು ಒರಟು. ಹೀಗಾಗಿ ಮಳೆಗಾಲದಲ್ಲಿ, ಡ್ಯಾಮ್ ತುಂಬಿದಾಗ, ಪಿಟೀಲುಗಳು ಹೆಚ್ಚು ರೇಶಿಮೆಯಂತೆ ಕೇಳುತ್ತವೆ. ಹೆಸ್ಕಾಂನ ಲೈನ್‌ಮನ್ ಒಬ್ಬನಿಗೆ ಇದನ್ನು ವಿವರಿಸಿದ್ದರಂತೆ. ಅವನು ಬಿಲ್ಲು ಕೊಟ್ಟು, ಚಪ್ಪಲಿ ಮೆಟ್ಟದೆಯೇ ಹೊರಗೆ ನಡೆದನಂತೆ.

ಪ್ಲೇಟಿನವರ ದೊಡ್ಡ ಮಂತ್ರ 'ಬೆಚ್ಚಗಿನ ಧ್ವನಿ'. ಡಿಜಿಟಲ್ಲು ತಣ್ಣಗಂತೆ, ಪ್ಲೇಟು ಬೆಚ್ಚಗಂತೆ. ನಾನು ಮೂರು ವರ್ಷ ಕೂತು ಖಾತ್ರಿ ಮಾಡಿಕೊಂಡ ಬಿಸಿ ಒಂದೇ: ಕಾಕಾರ ವಾಲ್ವ್ ಆಂಪ್ಲಿಫೈಯರಿನದು. ಅದರ ಮೇಲೆ ಮಳೆಗಾಲದಲ್ಲಿ ಕಾಕು ಸಂಡಿಗೆ ಒಣಗಿಸುತ್ತಾರೆ, ಗರಿಗರಿಯಾಗಿ ಒಣಗುತ್ತವೆ.

ಇನ್ನೊಂದು ಮಂತ್ರ 180 ಗ್ರಾಂ. ಹಳೆಯ ಪ್ಲೇಟುಗಳು ಹಗುರ, ಹೊಸದಾಗಿ ಒತ್ತಿ ತೆಗೆದ ದುಬಾರಿ ಪ್ಲೇಟುಗಳು 180 ಗ್ರಾಂ ತೂಗುತ್ತವೆ. ಗೆರೆ ಅಷ್ಟೇ ಆಳ, ಅದರೊಳಗಿನ ಸಂಗೀತವೂ ಅಷ್ಟೇ. ಹೆಚ್ಚಾದದ್ದು ಕೆಳಗಿನ ಪ್ಲಾಸ್ಟಿಕ್ಕು. ಆದರೂ ಕಾಕಾ ಮೊನ್ನೆ ಹೊಸ ಪ್ಲೇಟನ್ನು ಎದೆಗವಚಿಕೊಂಡು ಮಿಠಾಯಿ ಅಂಗಡಿಗೆ ಹೋಗಿ ತಕ್ಕಡಿಯಲ್ಲಿ ಇಡಿಸಿದರು. 176 ಬಂತು. ಮನೆಗೆ ಬಂದವರು ರಾತ್ರಿ ಊಟ ಮಾಡಲಿಲ್ಲ. ಅದೇ ಅಂಗಡಿಯವನು ಕಾಲು ಕಿಲೋ ಕುಂದಾದಲ್ಲಿ ಡಬ್ಬಿಯನ್ನೂ ಸೇರಿಸಿ ತೂಗುವುದಕ್ಕೆ ಇವರು ಇಷ್ಟು ವರ್ಷದಲ್ಲಿ ಒಮ್ಮೆಯೂ ತಕರಾರು ತೆಗೆದಿಲ್ಲ.

ಪಾಪ, ಪ್ಲೇಟಿನ ಕಷ್ಟ ಪ್ಲೇಟಿಗೇ ಗೊತ್ತು. ಅದು ಮಿನಿಟಿಗೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುತ್ತದೆ. ಹೊರಗಿನ ಗೆರೆ ದೊಡ್ಡದು, ಮುಳ್ಳಿನ ಕೆಳಗೆ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. ನಡುವಿನ ಚೀಟಿಯ ಹತ್ತಿರ ಬಂದಾಗ ಆ ಓಟ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. ಅಂದರೆ ಅಷ್ಟೇ ಸಂಗೀತವನ್ನು ಅರ್ಧ ಜಾಗದಲ್ಲಿ ತುರುಕಬೇಕು. ಅಲ್ಲಿ ಧ್ವನಿ ಗೊಗ್ಗರಾಗುವುದು ಸಹಜ. ಬೀಥೋವನ್ ತನ್ನ ಅಬ್ಬರವನ್ನೆಲ್ಲ ಸಿಂಫನಿಯ ಕೊನೆಗೆ ಇಟ್ಟ. ಪ್ಲೇಟು ಮಾಡಿದವರು ತಮ್ಮ ದಮ್ಮನ್ನೆಲ್ಲ ಮೊದಲಿಗೇ ಖರ್ಚು ಮಾಡಿದರು. ಟ್ರಂಬೋನು, ಪಿಕೊಲೊ, ಕಾಂಟ್ರಾಬಸೂನು ಎಲ್ಲಾ ಸೇರಿ ಎದ್ದು ನಿಲ್ಲುವ ಹೊತ್ತಿಗೆ ರಸ್ತೆ ಮುಗಿಯುತ್ತಾ ಬಂದಿರುತ್ತದೆ. ಅದೂ ಅಲ್ಲದೆ ಗೆರೆ ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಏರು ಸ್ವರಗಳನ್ನು ಉಬ್ಬಿಸಿ ಕೊರೆಯುತ್ತಾರೆ. ಮನೆಯಲ್ಲಿ ಯಂತ್ರ ಅದನ್ನು ಮತ್ತೆ ತಿರುವು ಮುರುವು ಮಾಡುತ್ತದೆ. 1954ರಿಂದ ಇದಕ್ಕೊಂದು ಅಧಿಕೃತ ಅಳತೆಯೇ ಇದೆ. ಕಾಕಾ 'ಯಾರೂ ಕೈ ಹಚ್ಚದ ಶುದ್ಧ ಧ್ವನಿ' ಅನ್ನುವುದು ಇದಕ್ಕೆ.

ಹಾಗಂತ ಸಾಹೇಬರಿಗೆ ಹಾರ ಹಾಕಬೇಕಿಲ್ಲ. ಅವರ ಪಾರ್ಟಿಯ ಮಂತ್ರ 'ರೀಮಾಸ್ಟರ್'. ಇನ್ನೊಬ್ಬ ಆರ್ಕೆಸ್ಟ್ರಾ ನಿರ್ದೇಶಕ ಕರಯಾನ್ ಬರ್ಲಿನ್ನಿನ ಒಂದು ಚರ್ಚಿನಲ್ಲಿ 1961-62ರಲ್ಲಿ ಬೀಥೋವನ್ನನ ಒಂಬತ್ತೂ ಸಿಂಫನಿ ರೆಕಾರ್ಡ್ ಮಾಡಿದ. 1963ರಲ್ಲಿ ಪ್ಲೇಟುಗಳ ಪೆಟ್ಟಿಗೆಯಾಗಿ ಮಾರಿದರು. ಆಮೇಲೆ ಸಿಡಿ. ಆಮೇಲೆ ರೀಮಾಸ್ಟರ್ ಆದ ಸಿಡಿ. ಆಮೇಲೆ ಸೂಪರ್ ಸಿಡಿ. ಆಮೇಲೆ ಬ್ಲೂ-ರೇ. ಆಮೇಲೆ ಡೌನ್‌ಲೋಡು. ಈಗ ಮರಳಿ ಪ್ಲೇಟು. ಕರಯಾನ್ 1989ರಲ್ಲೇ ತೀರಿಕೊಂಡ, ಧ್ವನಿ ಮಾತ್ರ ವರ್ಷ ವರ್ಷ ಸುಧಾರಿಸುತ್ತಿದೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಏಳು ಸಲ ಮರಳಿ ಬರುತ್ತದೆ ಅಂತಾರೆ. ಅಲ್ಲಿ ಒಂದೇ ಟಿಕೆಟ್ಟು, ಏಳಕ್ಕೂ ಅದೇ. ಕರಯಾನನ ಗುಮ್ಮಟದಲ್ಲಿ ಪ್ರತಿ ಪ್ರತಿಧ್ವನಿಗೂ ಬೇರೆ ಚೀಟಿ ಹರಿಸಬೇಕು, ಸಾಹೇಬರು ಎಲ್ಲವನ್ನೂ ಹರಿಸಿದ್ದಾರೆ.

ನಮ್ಮೂರಿಗೆ ಇದು ಅರ್ಥವಾಗದ ವ್ಯವಹಾರವೇನಲ್ಲ. 2014ರ ನವೆಂಬರ್ 1ಕ್ಕೆ ಬೆಳಗಾಂ ಹೋಗಿ ಬೆಳಗಾವಿ ಆಯಿತು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಹೆಸರು ಬಂತು. ಕವರು ಹೊಸದು, ಚೀಟಿ ಹೊಸದು. ಮುಳ್ಳು ಇಟ್ಟರೆ, ಅಂದರೆ ಸ್ಕೂಟರಿನ ಗಾಲಿ ಇಟ್ಟರೆ, ಅದೇ ಹಳೇ ತಗ್ಗು. ಸಿಡಿಯಲ್ಲೂ ಸಂಗೀತ ಇರುವುದು ಸಣ್ಣ ಸಣ್ಣ ತಗ್ಗುಗಳಲ್ಲೇ ಅಂತ ಸಾಹೇಬರು ಒಮ್ಮೆ ಹೇಳಿದಾಗ ನನಗೆ ಆ ತಂತ್ರಜ್ಞಾನದ ಮೇಲೆ ಮೊದಲ ಸಲ ಆತ್ಮೀಯತೆ ಹುಟ್ಟಿತ್ತು.

ಸಾಹೇಬರ ಇತ್ತೀಚಿನ ಖರೀದಿ ಸೆಕೆಂಡಿಗೆ 1,92,000 ಸಲ ಅಳೆದ ಧ್ವನಿ. ಸಾದಾ ಸಿಡಿಯಲ್ಲಿ 44,100 ಸಲ, ಮನುಷ್ಯರ ಕಿವಿ ಮುಟ್ಟುವ ಕೊನೆಯ ಸ್ವರಕ್ಕೆ ಅಷ್ಟೇ ಸಾಕು. ಅರವತ್ತು ದಾಟಿದವರಿಗೆ ಅದರ ಮೇಲ್ತುದಿಯೂ ಕೇಳಿಸದು. ಉಳಿದದ್ದೆಲ್ಲ ಬಾವಲಿಗಳಿಗೆ. ಸಾಹೇಬರ ಬಳಗದಲ್ಲಿ ಬಾವಲಿ ಒಂದೂ ಇಲ್ಲ. ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಇಂಥ ಉತ್ತಮ ದರ್ಜೆಯ ಧ್ವನಿಯನ್ನೂ, ಅದನ್ನೇ ಸಾದಾ ಸಿಡಿಯ ಮಟ್ಟಕ್ಕೆ ಇಳಿಸಿದ್ದನ್ನೂ ಜನರಿಗೆ ಗೊತ್ತಾಗದಂತೆ ಬದಲಿಸಿ ಬದಲಿಸಿ ಕೇಳಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. 554 ಸಲದಲ್ಲಿ 276 ಸಲ ಸರಿ ಉತ್ತರ. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಒಂದೆರಡು ಹೆಚ್ಚು ಬರುತ್ತಿತ್ತೇನೋ. ಸಾಹೇಬರಿಗೆ ಇದನ್ನು ಓದಿ ಹೇಳಿದೆ. "ಅದು ಅಮೆರಿಕಾದವರ ಕಿವಿ, ತಮ್ಮಾ," ಅಂದರು.

ಆದರೆ ಕಾಕಾರಿಗೆ ಬಿದ್ದ ಪೆಟ್ಟಿಗೆ ಹೋಲಿಸಿದರೆ ಇದು ಏನೂ ಅಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿ ಮೂಲ ಟೇಪಿನಿಂದ ಮಾಡಿದ ಪ್ಲೇಟುಗಳೆಂದು ಹೆಸರು ಮಾಡಿತ್ತು. ಡಿಜಿಟಲ್ಲಿನ ಸೋಂಕೇ ಇಲ್ಲ ಅಂತ ಭಕ್ತರು ನಂಬಿದ್ದರು. 2022ರ ಜುಲೈಯಲ್ಲಿ ಗುಟ್ಟು ರಟ್ಟಾಯಿತು: ವರ್ಷಗಟ್ಟಲೆಯಿಂದ ಅವರು ಟೇಪನ್ನು ಮೊದಲು ಡಿಜಿಟಲ್ಲಿಗೆ ಇಳಿಸಿ, ಅದರಿಂದ ಪ್ಲೇಟು ಕೊರೆಯುತ್ತಿದ್ದರು. ಚಿನ್ನದ ಕಿವಿಯವರು ಅಷ್ಟು ವರ್ಷ ಆ ಪ್ಲೇಟುಗಳನ್ನೇ ತೋರಿಸಿ 'ನೋಡ್ರಿ, ಡಿಜಿಟಲ್ಲಿಗೂ ಇದಕ್ಕೂ ಅಜಗಜಾಂತರ' ಅನ್ನುತ್ತಿದ್ದರು. ಮೊಕದ್ದಮೆ ಆಗಿ, ದುಡ್ಡು ವಾಪಸ್ ಕೊಡುವ ರಾಜಿಯೂ ಆಯಿತು.

ಕಾಕಾರ ಕಪಾಟಿನಲ್ಲಿ ಅಂಥವು ಆರಿದ್ದವು. ಸುದ್ದಿ ಕೇಳಿ ಕಾಕಾ ಒಂದು ವಾರ ಮಾತಾಡಲಿಲ್ಲ. ಆಮೇಲೆ ಗಂಭೀರವಾಗಿ ಅಂದರು, "ಅವರು ನಮಗ ಹೇಳಿರಲಿಲ್ಲ ನೋಡು, ಅದಕ್ಕ ಛಲೋ ಕೇಳಿಸ್ತಿತ್ತು. ಈಗ ಹೇಳ್ಯಾರ, ತಣ್ಣಗಾಗಿ ಬಿಟ್ಟಾವ." ಅವನ್ನು ಕೆಳಗಿನ ಖಾನೆಗೆ ಸರಿಸಿದ್ದಾರೆ. ನಾನು ಈ ಇಡೀ ಜಗಳದಲ್ಲಿ ಕೇಳಿದ ಒಂದೇ ಪ್ರಾಮಾಣಿಕ ಮಾತು ಅದು. ಹೀಗಾಗಿ ಅವರ ಅಚ್ಚುಮೆಚ್ಚಿನ ಟೆಲಾರ್ಕ್ ಕಂಪನಿಯ ಚೈಕೋವ್‌ಸ್ಕಿ '1812', ತೋಪು ಹಾರುವ ಕಡೆ ಮುಳ್ಳನ್ನೇ ಎಗರಿಸುವ ಆ ಪ್ಲೇಟು, 1970ರ ದಶಕದ ಕೊನೆಯಲ್ಲಿ ಡಿಜಿಟಲ್ಲಾಗಿಯೇ ರೆಕಾರ್ಡ್ ಆದದ್ದು ಅಂತ ನಾನು ಇನ್ನೂ ಹೇಳಿಲ್ಲ. ವಯಸ್ಸಾದವರು. ಬೆಚ್ಚಗಿರಲಿ.

ಅಂದ ಹಾಗೆ, ಇಬ್ಬರೂ ಹಟ ಹಿಡಿಯುವುದು 'ಮೂಲ ಧ್ವನಿ'ಗೆ. ಸಭಾಂಗಣದಲ್ಲಿ ಕೂತಂತೆ ಇರಬೇಕು ಅಂತ. ನಮ್ಮ ಐವರಲ್ಲಿ ಒಬ್ಬರೂ ಸಿಂಫನಿ ಆರ್ಕೆಸ್ಟ್ರಾವನ್ನು ಎದುರು ಕೂತು ಕೇಳಿದವರಲ್ಲ. ಕಾಕು ಅಂತೂ ಆರ್ಕೆಸ್ಟ್ರಾ ಅಂದರೆ ಜಾತ್ರೆಯ ರಸಮಂಜರಿ ಅಂದುಕೊಂಡು 'ಹಾಡೋವ್ರು ಯಾಕ ಬರವಲ್ರು?' ಅಂತ ಒಮ್ಮೆ ಕೇಳಿದ್ದರು. ಮರಾಠಾ ಲಘು ಪದಾತಿ ದಳದ ಮಿಲಿಟರಿ ಬ್ಯಾಂಡು ಮತ್ತು ಮದುವೆಯ ಬ್ಯಾಂಡು, ಇವಿಷ್ಟೇ ನಾವು ಖುದ್ದು ಕಂಡ ಹಿತ್ತಾಳೆ. ಮುಂಬೈಯಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಆ ತಂತಿಯ ದುಡ್ಡಿನಲ್ಲಿ ಐವರೂ ಹೋಗಿ ಕೇಳಿ ಬರಬಹುದಿತ್ತು. ಹೇಳಿ ನೋಡಿದೆ. "ಬ್ಯಾಡೋ ತಮ್ಮಾ, ಅಲ್ಲಿ ಮಂದಿ ಕೆಮ್ಮತಾರ," ಅಂದರು ಕಾಕಾ. ಸಾಹೇಬರು ಮೊಟ್ಟಮೊದಲ ಸಲ ಅವರ ಮಾತಿಗೆ ಹೂಂಗುಟ್ಟಿದರು.

ಸರಿ, ಕೋಣೆಗೆ ಬರೋಣ. ಕಾಕಾ ಎದ್ದು ಪ್ಲೇಟನ್ನು ರೊಟ್ಟಿಯಂತೆ ಮಗುಚಿ ಹಾಕಿದ್ದರು. ನಾಲ್ಕನೇ ಭಾಗ ಶುರುವಾಗಿ, ನಿಜವಾದ ಪಿಕೊಲೊ ಇನ್ನೇನು ಬರಬೇಕು. ಓಣಿಯ ತಿರುವಿನಲ್ಲಿ ಡಾಲ್ಬಿ ಬಂತು.

ನಮ್ಮ ಕಡೆ ಡಾಲ್ಬಿ ಅಂದರೆ ಏನು ಅಂತ ದಕ್ಷಿಣದವರಿಗೆ ಹೇಳಬೇಕು: ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರುಗಳು, ಹಿಂದೆ ಜನರೇಟರು. 'ಈ ಸಲ ಗಣಪತಿಗೆ ಎರಡು ಡಾಲ್ಬಿ ಹಚ್ಚೇವಿ' ಅನ್ನುವುದು ಮಂಡಳದ ಪ್ರತಿಷ್ಠೆ. ಹೆಸರಿನ ಮೂಲಪುರುಷ ರೇ ಡಾಲ್ಬಿ 1963ರಿಂದ 65ರವರೆಗೆ ಯುನೆಸ್ಕೋ ಸಲಹೆಗಾರನಾಗಿ ಭಾರತದಲ್ಲೇ ಇದ್ದವನು. ಇಲ್ಲಿಂದ ಹೋಗಿ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆಗೆದ. ಅವನ ಯಂತ್ರದ ಕೆಲಸ ಒಂದೇ, ಟೇಪಿನ ಹಿಂದೆ ಕೇಳುವ ಸಣ್ಣ 'ಸ್ಸ್' ಸದ್ದನ್ನು ಅಳಿಸುವುದು. ಮೊದಲ ಗಿರಾಕಿ ಡೆಕ್ಕಾ ಕಂಪನಿ, ಆರ್ಕೆಸ್ಟ್ರಾಗಳ ಧ್ವನಿ ಶುದ್ಧವಾಗಿರಲಿ ಅಂತ. ಗದ್ದಲ ಅಳಿಸಲು ಜೀವ ಸವೆಸಿದವನ ಹೆಸರನ್ನು ನಾವು ಗದ್ದಲಕ್ಕೇ ಇಟ್ಟು, ವರ್ಷಕ್ಕೊಮ್ಮೆ ಗುಲಾಲು ಎರಚಿ ಮೆರವಣಿಗೆ ಮಾಡುತ್ತೇವೆ.

ಮೊದಲು ಕಿಟಕಿಯ ಗಾಜು ನಡುಗಿತು. ಆಮೇಲೆ ಕಪಾಟಿನ ಪ್ಲೇಟುಗಳು. ಆಮೇಲೆ ನನ್ನ ಎದೆಯೊಳಗಿನ ಏನೋ. ಮುಳ್ಳು ಠಣ್ಣನೆ ಎಗರಿ, ಬೀಥೋವನ್ನನ ನಾಲ್ಕೈದು ಸಾಲು ಹಾರಿ, ಮತ್ತೆಲ್ಲೋ ಬಿತ್ತು. ಸಾಹೇಬರಿಗೆ ಇದೇ ಬೇಕಿತ್ತು. ಎದ್ದು ಕಂಪ್ಯೂಟರ್ ಚಾಲೂ ಮಾಡಿ, ಪರದೆಯ ಮೇಲೆ ಸಿಂಫನಿ ಕಿಂಚಿತ್ತೂ ತಪ್ಪದೆ ಸಾಗುವುದನ್ನು ಬೆರಳು ಮಾಡಿ ತೋರಿಸಿದರು. ಅದರ ಒಂದು ಸ್ವರವೂ ಕೇಳಿಸುತ್ತಿರಲಿಲ್ಲ, ಆದರೆ ಸಾಗುತ್ತಿದ್ದದ್ದು ಖರೆ. ಕಾಕಾ ನನ್ನ ಕಿವಿಗೆ ಬಾಯಿ ಹಚ್ಚಿ ಚೀರಿದರು: "ಪ್ಲೇಟ್ ಕುಣೀತು ನೋಡು! ಜೀವಾ ಐತಿ ಅದಕ್ಕ. ಆ ಡಬ್ಬಿಗೆ ಗಣಪತಿ ಬಂದದ್ದಾ ಗೊತ್ತಾಗಲಿಲ್ಲ!"

ಡಾಲ್ಬಿ ನಮ್ಮ ಮನೆ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ದಾಟಿದ ಮೇಲೂ ಕಿವಿಯಲ್ಲಿ ಕುಂಯ್ ಅಂತ ಒಂದೇ ಸ್ವರ. ಆ ಸ್ವರ ಪ್ಲೇಟಿನದೋ ಡಿಜಿಟಲ್ಲಿನದೋ ಅಂತ ಬ್ಯಾಂಕಿನವರಿಬ್ಬರೂ ಕುತ್ತಿಗೆ ಓರೆ ಮಾಡಿ ಆಲಿಸುತ್ತಿದ್ದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಕಾಕು, ಹಣೆ ತುಂಬ ಗುಲಾಲು, ಕೈಯಲ್ಲಿ ಪ್ರಸಾದದ ಮೋದಕ. ಅವರ ಬೆನ್ನ ಹಿಂದಿನಿಂದ ಸುಟ್ಟ ಬೇಳೆಯ ವಾಸನೆ.

"ಎಷ್ಟು ಸೀಟಿ ಆತು?"

"ಮೂರು," ಅಂದರು ಕಾಕಾ.

"ಐದು," ಅಂದರು ಸಾಹೇಬರು.

ಇಬ್ಬರೂ ಮತ್ತೆ ವಾದಕ್ಕೆ ಕೂತರು. ನಾನು ಹೋಗಿ ಗ್ಯಾಸ್ ಆರಿಸಿ ಬಂದೆ.