ದಂಡ ತೆರಬೇಕಾದವರು ಯಾರು?

ಕಳೆದ ಜನವರಿಯಲ್ಲಿ ಒಂದು ದಿನ ನಸುಕಿನ ಮೂರೂವರೆಗೆ ಮೆಲ್ಬರ್ನ್‌ನ ನಮ್ಮ ಮನೆಯಲ್ಲಿ ಮೊಬೈಲ್ ಸದ್ದು ಮಾಡಿತು. ಊರಿನಲ್ಲಿ ಆಗ ರಾತ್ರಿ ಹತ್ತು ಗಂಟೆ. ಕರೆ ಮಾಡಿದ್ದು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅಕ್ಕನ ಮಗಳು. ಬಚ್ಚಲುಮನೆಯ ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಮಾತನಾಡುತ್ತಿದ್ದಳು. "ಮಾವ, ಅಪ್ಪನಿಗೆ ಮಾತ್ರ ಹೇಳಬೇಡಿ" ಎಂಬುದೇ ಅವಳ ಮೊದಲ ಮಾತು. ಏನಾಯಿತು ಎಂಬುದು ಆಮೇಲೆ ಬಂತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಇನ್‌ಸ್ಟಾಗ್ರಾಮ್‌ನಲ್ಲಿ ಅವಳದೇ ವಯಸ್ಸಿನ ಹುಡುಗಿಯ ಹೆಸರಿಟ್ಟುಕೊಂಡು ಯಾರೋ ಪರಿಚಯವಾಗಿದ್ದರು. ಎರಡು ತಿಂಗಳು ಪರೀಕ್ಷೆ, ಮೊಡವೆ, ಅಮ್ಮನ ಬೈಗುಳದ ಮಾತು. ಆಮೇಲೆ ವಾಟ್ಸ್ಆ್ಯಪ್‌ಗೆ ಕರೆದು ಒಂದು ಫೋಟೊ ಕೇಳಿದರು. ಅದು ಕೈಸೇರಿದ ಗಳಿಗೆಯಿಂದ ದನಿಯೇ ಬೇರೆ. ಅವಳ ಸ್ನೇಹಿತರ ಪಟ್ಟಿಯ ಸ್ಕ್ರೀನ್‌ಶಾಟ್ ಕಳುಹಿಸಿ, ಇನ್ನಷ್ಟು ಫೋಟೊ ಕೊಡದಿದ್ದರೆ ಇವರೆಲ್ಲರಿಗೂ ಇದು ಮುಟ್ಟುತ್ತದೆ ಎಂಬ ಬೆದರಿಕೆ. ಆ ಪಟ್ಟಿಯಲ್ಲಿ ಅವಳ ದೊಡ್ಡಪ್ಪನ ಮಗನ ಹೆಸರೂ ಇತ್ತು.

ಇಷ್ಟಾದರೂ ಆ ರಾತ್ರಿ ಅವಳಿಗೆ ಹೆಚ್ಚು ಹೆದರಿಕೆಯಿದ್ದದ್ದು ಮನೆಯವರದು. ಮೊಬೈಲ್ ಕಿತ್ತುಕೊಳ್ಳುತ್ತಾರೆ, ಟ್ಯೂಷನ್ ಬಿಡಿಸುತ್ತಾರೆ, ಪಿಯುಸಿಗೆ ಪೇಟೆಗೆ ಕಳುಹಿಸುವುದೇ ಬೇಡ ಎನ್ನುತ್ತಾರೆ. ಬೆದರಿಸುವವನಿಗೂ ಇದು ಚೆನ್ನಾಗಿ ಗೊತ್ತು. ಬರೀ ಒಂದು ಫೋಟೊ ಇಟ್ಟುಕೊಂಡು ಅವನು ಇಷ್ಟು ಆಡಿಸಲಾರ. ನಮ್ಮ ಮನೆಗಳ ಸಿಟ್ಟೇ ಅವನ ಬಂಡವಾಳ.

ನಾನಿರುವ ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್‌ನಂಥ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಈ ಕಾನೂನಿನ ಬಗ್ಗೆ ಇಲ್ಲಿಯೇ ಜಗಳವಿದೆ. ವಾಟ್ಸ್ಆ್ಯಪ್ ಇದರ ಹೊರಗೇ ಉಳಿದಿದೆ. ನನ್ನ ಸೋದರ ಸೊಸೆಯನ್ನು ಅವನು ಕರೆದೊಯ್ದದ್ದು ಅಲ್ಲಿಗೇ. ಆದರೂ ಒಂದು ಅಂಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಕಾನೂನು ಮುರಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗಿನ ದಂಡ ಕಂಪನಿಗೆ ಬೀಳುತ್ತದೆ. ಮಗುವಿಗೆ ದಂಡವಿಲ್ಲ, ಹೆತ್ತವರಿಗೂ ಇಲ್ಲ. ನಮ್ಮ ಮನೆಗಳಲ್ಲಿ ದಂಡ ತೆರುವವಳು ಹುಡುಗಿಯೊಬ್ಬಳೇ.

ನಮ್ಮ ದೇಶದ ಕಾನೂನು ಹಾಗೆ ಹೇಳುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯಾಗಿರಬೇಕು, ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 1098 ಮಕ್ಕಳ ಸಹಾಯವಾಣಿ ಇದೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಕಾನೂನಿಗೇ ಇಷ್ಟು ಕರುಳಿರುವಾಗ ಹೆತ್ತವರು ಯಾಕೆ ಕಲ್ಲಾಗಬೇಕು?

ಆ ರಾತ್ರಿ ನಾವು ಮಾಡಿದ್ದು ಇಷ್ಟು. ಚಾಟ್ ಅಳಿಸದೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಂಡು ಅವನನ್ನು ಬ್ಲಾಕ್ ಮಾಡಿದೆವು. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯ ಅರ್ಜಿ ತುಂಬಿದೆವು. ಅದರಲ್ಲಿ ಫೋಟೊ ಮೊಬೈಲ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ, ಆ ಸೇವೆಗೆ ಸೇರಿದ ಕಂಪನಿಗಳು ಅದನ್ನು ಹಿಡಿದು ತಮ್ಮ ತಾಣದಲ್ಲಿ ಹುಡುಕಿ ತೆಗೆಯುತ್ತವೆ.

ನನಗೂ ಹದಿನಾಲ್ಕರ ಮಗಳಿದ್ದಾಳೆ. ಅವಳ ಶಾಲೆಯಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಡುತ್ತಾರೆ, ಕೌನ್ಸೆಲರ್ ಕೂಡ ಇದ್ದಾರೆ. ಆದರೆ ಅಪ್ಪ ಅಮ್ಮನಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಅವಳಿಗೆ ಪಕ್ಕದ ಬೀದಿಯಲ್ಲಿ ಚಿಕ್ಕಮ್ಮನಿಲ್ಲ, ಸೋದರಮಾವನಿಲ್ಲ. ಊರಿನ ಹುಡುಗಿಯರಿಗೆ ಅಂಥವರು ಇದ್ದಾರೆ. ಅವರಲ್ಲಿ ನನ್ನದೊಂದೇ ಬೇಡಿಕೆ: ಏನೇ ಆಗಲಿ ನನಗೆ ಹೇಳು, ಬೈಯುವುದಿಲ್ಲ ಎಂದು ಇವತ್ತೇ ಹೇಳಿಟ್ಟಿರಿ.

ಮೂರು ದಿನ ಬಿಟ್ಟು, ಅವಳನ್ನು ಒಪ್ಪಿಸಿ, ಭಾವನಿಗೆ ನಾನೇ ತಿಳಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮಾರನೆಯ ದಿನ ರಜೆ ಹಾಕಿ ಮಗಳ ಪಕ್ಕದಲ್ಲಿ ಕುಳಿತು ದೂರು ಬರೆದರು. ಅವಳು ಹೇಳುತ್ತಾ ಹೋದಳಂತೆ, ಅವರು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾ ಹೋದರಂತೆ.