ಅಮೆರಿಕಾ ಇನ್ನೂ ಒಣಗಿಲ್ಲ

"ಒರಗಬೇಡಿ ಸಾರ್, ಅಮೆರಿಕಾ ಇನ್ನೂ ಒಣಗಿಲ್ಲ!"

ಏಣಿ ಮೇಲಿಂದ ಪೇಂಟರ್ ಕೂಗುವಷ್ಟರಲ್ಲಿ ನಾನು ಒರಗಿ ಆಗಿತ್ತು. ಇನ್ನೇನು ಮಾಡಲಿ? ಫುಟ್‌ಪಾತ್ ಮೇಲೆ ಬೈಕ್ ಬಂದರೆ ನಡೆಯುವವನು ಗೋಡೆಗೆ ಅಂಟಿಕೊಳ್ಳಬೇಕು, ಇಲ್ಲಾ ಚರಂಡಿಗೆ ಇಳಿಯಬೇಕು. ಅಲ್ಲಿ ಚರಂಡಿಯ ಚಪ್ಪಡಿ ಮಾಯವಾಗಿ ಒಂದು ಮಳೆಗಾಲ ಕಳೆದಿದೆ. ಗೋಡೆಯೇ ವಾಸಿ ಅನ್ನಿಸಿತು. ಗೋಲ್ಡನ್ ಗೇಟ್ ಸೇತುವೆಯ ಒಂದು ಕಂಬ ನನ್ನ ಅಂಗಿಯ ಬೆನ್ನಿಗೆ ಬಂತು. ಅಸಲಿ ಸೇತುವೆಗೆ ಹೊಡೆಯುವ ಬಣ್ಣಕ್ಕೆ ಇಂಟರ್‌ನ್ಯಾಷನಲ್ ಆರೆಂಜ್ ಅಂತ ಹೆಸರು. ನಮ್ಮ ಪೇಂಟರ್ ಏನು ಕಲಸಿಕೊಂಡಿದ್ದರೋ ಗೊತ್ತಿಲ್ಲ, ಜಿಗುಟಂತೂ ಅಂತಾರಾಷ್ಟ್ರೀಯ ಮಟ್ಟದ್ದೇ.

ಗೋಡೆಯ ಈ ತುದಿಗೆ ವಿಧಾನಸೌಧ, ಆ ತುದಿಗೆ ಸಾನ್ ಫ್ರಾನ್ಸಿಸ್ಕೋ. ಬೆಂಗಳೂರು, ಸಾನ್ ಫ್ರಾನ್ಸಿಸ್ಕೋ ಎರಡೂ ಸಿಸ್ಟರ್ ಸಿಟಿಗಳು, ಅಂದರೆ ಗೆಳೆತನದ ಒಪ್ಪಂದ ಮಾಡಿಕೊಂಡ ಜೋಡಿ ಊರುಗಳು. ನಡುವೆ ಎರಡು ದೊಡ್ಡ ಕೈಗಳು ಕುಲುಕಾಡುತ್ತಿವೆ. ನಮ್ಮ ಕಡೆಯ ಕೈಗೆ ದಪ್ಪ ಕಡಗ, ತೋಳಿನ ತುಂಬ ಉಬ್ಬಿದ ನರ. ಸ್ನೇಹ ಬೇಡ ಅಂದರೆ ಕೈ ಮುರಿದೇ ಹೋಗುತ್ತೆ ಅನ್ನೋ ಹಿಡಿತ. ವಿಚಾರಿಸಿದರೆ, ಪೇಂಟರ್ ಹಿಂದೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂತು, ಕೆಲಸ ಹೋಯಿತು. 2009ರಲ್ಲಿ ಬಿಬಿಎಂಪಿ ಇಂಥ ಕಲಾವಿದರನ್ನೇ ಕರೆಸಿ ಬೆಂಗಳೂರಿನ ಗೋಡೆಗಳ ಮೇಲೆ ಹಂಪಿ, ಜೋಗ, ಯಕ್ಷಗಾನ, ಹುಲಿ ಎಲ್ಲ ಬರೆಸಿತ್ತು. ಗೋಡೆಗೆ ಪೋಸ್ಟರ್ ಅಂಟಿಸಬಾರದು, ಇನ್ನೊಂದು ಕೆಲಸವನ್ನೂ ಮಾಡಬಾರದು ಅಂತ. ಆ ಇನ್ನೊಂದು ಕೆಲಸ ಯಾವುದು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಈ ಪಾರಿವಾಳ ಯಾಕೆ ಸರಿಯಾಗಿ ಕೈ ಮೇಲೇ ಕೂತಿದೆ?" ಅಂತ ಕೇಳಿದೆ.

"ಬೆರಳು ಒಂದು ಜಾಸ್ತಿ ಆಗೋಯ್ತು ಸಾರ್. ಮುಚ್ಚಿಬಿಟ್ಟೆ."

ನಾನು ಶಾಂತಿಯ ಸಂಕೇತ ಅಂದುಕೊಂಡಿದ್ದೆ.

ಇಂಥ ಊರು ಊರಿನ ಗೆಳೆತನದಿಂದ ಯಾರಿಗೆ ಏನು ಸಿಕ್ಕಿತು ಅನ್ನೋದು ನನ್ನ ತಕರಾರು. ಅದಕ್ಕೆ ಆಮೇಲೆ ಬರುತ್ತೇನೆ. ಬೆಂಗಳೂರಿಗಂತೂ ಗೆಳೆಯರಿಗೆ ಕೊರತೆ ಇಲ್ಲ. 1973ರಿಂದ ಬೆಲಾರೂಸಿನ ಮಿನ್ಸ್ಕ್ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಇದೆ. 2013ರಲ್ಲಿ ಚೀನಾದ ಚೆಂಗ್ಡು ಸೇರಿಕೊಂಡಿತು. ಕಬ್ಬನ್ ಪಾರ್ಕ್ ಮೆಟ್ರೋ ಹತ್ತಿರ ಮಿನ್ಸ್ಕ್ ಸ್ಕ್ವೇರ್ ಅಂತಲೇ ಇದೆ. ನಾವು ಅಲ್ಲಿ ಸಿಗ್ನಲ್ಲಿಗೆ ಕಾಯುತ್ತಾ ಬೈಯುತ್ತೇವೆ, ಅಷ್ಟರಮಟ್ಟಿಗೆ ಮಿನ್ಸ್ಕ್ ನಮ್ಮ ಬಾಯಲ್ಲಿದೆ. ಆ ಊರಿನಲ್ಲೂ ನಮ್ಮ ಹೆಸರಿನ ಒಂದು ಚೌಕ ಇದೆ. ಅದರ ಪಕ್ಕದ ಪಾರ್ಕಿಗೆ ಜನ ಜನರ ಗೆಳೆತನದ ಹೆಸರು. 2020ರ ಜುಲೈ 30ರಂದು, ಚುನಾವಣೆಗೆ ನಿಂತಿದ್ದ ಸ್ವೆಟ್ಲಾನಾ ಟಿಖಾನೋವ್‌ಸ್ಕಾಯಾ ಅವರ ಸಭೆಗೆ ಅಲ್ಲಿ ಹತ್ತಾರು ಸಾವಿರ ಜನ ಸೇರಿದ್ದರು. ನಮ್ಮ ಹೆಸರಿನ ಪಕ್ಕದಲ್ಲಿ ಅಷ್ಟೊಂದು ಜನ! ಇಲ್ಲಿ ನಾವು ನಾಲ್ಕು ಜನ ಸೇರಿ ಧಿಕ್ಕಾರ ಕೂಗಬೇಕಾದರೂ ಹಳೇ ಸೆಂಟ್ರಲ್ ಜೈಲಿಗೇ ಹೋಗಬೇಕು. ಅದಕ್ಕೀಗ ಫ್ರೀಡಂ ಪಾರ್ಕ್ ಅಂತ ಕರೆಯುತ್ತಾರೆ.

ಆದರೆ ಈ ವಿಷಯದಲ್ಲಿ ನನಗೆ ನಿಜವಾಗಿ ಗೌರವ ಇರುವುದು ವಿಟ್‌ವೆಲ್ ಮೇಲೆ. ಇಂಗ್ಲೆಂಡಿನ ರಟ್ಲೆಂಡ್ ಅನ್ನೋ ಪುಟ್ಟ ಕೌಂಟಿಯಲ್ಲಿರುವ ಹಳ್ಳಿ. ಇರುವುದೇ 40ರ ಆಸುಪಾಸು ಜನ. ಒಂದು ದಿನ ಅಲ್ಲಿನ ಪಬ್ಬಿನಲ್ಲಿ ಕೂತವರಿಗೆ ತಮ್ಮೂರಿಗೂ ಒಂದು ಜೋಡಿ ಊರು ಬೇಕು ಅನ್ನಿಸಿತು. ಯಾವ ಊರು? ಪ್ಯಾರಿಸ್! ಆಗ ಅಲ್ಲಿನ ಮೇಯರ್ ಆಗಿದ್ದ ಜಾಕ್ ಶಿರಾಕ್‌ಗೆ ಕಾಗದ ಹೋಯಿತು. ನಿಮ್ಮೂರು ನಮ್ಮೂರು ಜೋಡಿಯಾಗಲಿ, ಇಂಥ ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿದಿರಿ ಅಂತ ತಿಳಿಯುತ್ತೇವೆ ಅಂತ. ಉತ್ತರ ಬರಲಿಲ್ಲ. ಹಳ್ಳಿಯವರು ಊರ ಬಾಗಿಲಲ್ಲಿ 'ವಿಟ್‌ವೆಲ್, ಪ್ಯಾರಿಸ್ಸಿನ ಜೋಡಿ ಊರು' ಅಂತ ಬೋರ್ಡ್ ಹಾಕಿಯೇಬಿಟ್ಟರು. ಮೌನಂ ಸಮ್ಮತಿ ಲಕ್ಷಣಂ. ಪಾಪ, ಪ್ಯಾರಿಸ್ 1956ರಿಂದ ರೋಮ್ ಒಂದೇ ನನಗೆ ಜೋಡಿ ಅಂತ ಏಕಪತ್ನೀವ್ರತದಲ್ಲಿತ್ತು. ಪ್ಯಾರಿಸ್ಸಿಗೆ ರೋಮ್ ಮಾತ್ರ ಸಮ, ರೋಮಿಗೆ ಪ್ಯಾರಿಸ್ ಮಾತ್ರ ಸಮ ಅನ್ನೋ ಜಂಬ ಬೇರೆ. ಆ ಜಂಬಕ್ಕೆ ನಲವತ್ತು ಜನ ಸೇರಿ, ಒಂದು ಸ್ಟ್ಯಾಂಪಿನ ಖರ್ಚಿನಲ್ಲಿ ಮಣ್ಣು ಹಾಕಿದರು.

ನಾನೂ ಆ ಚಪ್ಪಡಿ ವಿಷಯವಾಗಿ ಒಂದು ಕಚೇರಿಗೆ ಕಾಗದ ಹಾಕಿದ್ದೇನೆ. ಅವರೂ ಶಿರಾಕ್ ಥರವೇ. ವಿಟ್‌ವೆಲ್ ನ್ಯಾಯದ ಪ್ರಕಾರ ಚಪ್ಪಡಿ ಕೂತಾಗಿದೆ, ನನ್ನ ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ. ಚಪ್ಪಡಿಗೆ ಇಲ್ಲದ ದುಡ್ಡು ಪಾರಿವಾಳಕ್ಕೆ ಎಲ್ಲಿಂದ ಬರುತ್ತೆ ಅಂತ ಕೇಳಿದರೆ, ನಿಮಗೆ ಕಲೆ ಅಂದರೆ ಆಗಲ್ವಾ ಅನ್ನುತ್ತಾರೆ. ಆಗುತ್ತೆ. ಕಲೆ ನೋಡಲು ಎರಡು ಕಾಲೂ ನೆಟ್ಟಗಿರಬೇಕು.

ಹಬ್ಬಕ್ಕೆ ಊರಿಗೆ ಹೋದಾಗ ಜಗಲಿ ಮೇಲೆ ಕೂತು ದೊಡ್ಡಪ್ಪನಿಗೆ ಈ ಕತೆ ಹೇಳಿದೆ. ಕಡ್ಡಿಪುಡಿ ಬಾಯಲ್ಲಿಟ್ಟುಕೊಂಡು ಪೂರ್ತಿ ಕೇಳಿದರು. ನಮ್ಮೂರಿಂದಲೂ ಒಂದು ಕಾಗದ ಹಾಕೋಣ, ಉತ್ತರ ಬರದಿದ್ದರೆ ಬೋರ್ಡ್ ಬರೆಸೋಣ ಅಂದೆ.

"ಪ್ಯಾರಿಸ್‌ಗಾ?"

"ಬೇಡ ದೊಡ್ಡಪ್ಪ, ವಿಟ್‌ವೆಲ್‌ಗೇ ಹಾಕೋಣ. ಅವರು ಒಪ್ಪಿದ್ರೆ ಪ್ಯಾರಿಸ್ ನಮಗೆ ಬೀಗರ ಬೀಗರು ಆಗುತ್ತೆ. ರೋಮೂ ಆ ಕಡೆಯಿಂದ ಸಂಬಂಧವೇ."

ದೊಡ್ಡಪ್ಪ ಎದ್ದು ಹೋಗಿ ಉಗಿದು ಬಂದು ಕೂತರು. ಪಕ್ಕದೂರಿನ ಜೊತೆ ಕೆರೆ ತೂಬಿನ ಜಗಳ ಶುರುವಾಗಿ ಎರಡು ತಲೆಮಾರು ಆಗಿದೆ. ಅಲ್ಲಿಯವರ ಮದುವೆಗೆ ಇವರು ಹೋಗಲ್ಲ, ಇವರ ತಿಥಿಗೆ ಅವರು ಬರಲ್ಲ. ಆ ವಿಷಯ ಎತ್ತುತ್ತಾರೆ ಅಂತ ಕಾದೆ. ಅವರ ಯೋಚನೆಯೇ ಬೇರೆ ಇತ್ತು.

"ಸಂಬಂಧ ಅಂದಮೇಲೆ ಮುಯ್ಯಿ ಮಾಡ್ಬೇಕಲ್ಲ. ಅವರು ಎಷ್ಟು ಹಾಕ್ತಾರೆ, ನಾವೆಷ್ಟು ಹಾಕ್ಬೇಕು? ಪುಸ್ತಕದಲ್ಲಿ ಬರ್ಕೊಳ್ಳೋನು ಯಾರು?"

"ಅದೆಲ್ಲ ಇರಲ್ಲ ದೊಡ್ಡಪ್ಪ. ಸುಮ್ನೆ ಬೋರ್ಡ್ ಹಾಕೋದು."

"ಮುಯ್ಯಿ ಇಲ್ದೆ ಎಂಥ ನೆಂಟಸ್ತನನಪ್ಪ!" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರೂರಲ್ಲಿ ಜನ ಎಷ್ಟು ಅಂದೆ?"

"ನಲವತ್ತು."

"ಪ್ಯಾರಿಸ್‌ನೋರೂ ಜೊತೆಗೆ ಬಂದ್ಬಿಟ್ರೆ?"

"ಬರಲ್ಲ. ಅವರು ಕಾಗದಕ್ಕೇ ಉತ್ತರ ಬರೆಯಲ್ಲ."

"ಹಂಗಾದ್ರೆ ಹಾಕು ಕಾಗದ," ಅಂದರು ದೊಡ್ಡಪ್ಪ. "ನಲವತ್ತು ಜನ ಅಂದ್ರೆ ಒಂದೇ ಪಂಕ್ತಿ."